ಗುಲ್ಲಿಡಂಡಾ ಕಳೆಯಲ್ಲಿ ಕಳೆನಾಶಕ ನಿರೋಧಕತೆ

ಗುಲ್ಲಿಡಂಡಾ (ಫಲಾರಿಸ್ ಮೈನರ್) ಹಿಂಗಾರಿನ ಗೋಧಿ ಹೊಲಗಳನ್ನು ಕಾಡುವ ಏಕವಾರ್ಷಿಕ ಹುಲ್ಲುಕಳೆ. ಇದರ ಮೂಲ ಮೆಡಿಟರೇನಿಯನ್ ಪ್ರದೇಶ. ಹರಿಯಾಣ, ಪಂಜಾಬ್‌ಗಳಲ್ಲಿ ಇದಕ್ಕೆ ಕನಕಿ, ಮಂಡೂಸಿ ಎಂಬ ಹೆಸರುಗಳೂ ಉಂಟು. ತೆನೆ ಹೊರಡುವವರೆಗೂ ಗೋಧಿಯಂತೆಯೇ ಕಾಣುವುದರಿಂದ ಕೈಯಿಂದ ಕಳೆ ಕೀಳುವುದು ಕಷ್ಟ. ಎಳೆಗಿಡದ ಬುಡದ ನಸುಗೆಂಪು ಬಣ್ಣ ನೋಡಿ ಗುರುತಿಸಬೇಕು.

ಹಿನ್ನೆಲೆ
ಹಸಿರು ಕ್ರಾಂತಿಯೊಂದಿಗೆ ಬಂದ ಗಿಡ್ಡ ಗೋಧಿ ತಳಿ, ನೀರಾವರಿ ಹಾಗೂ ಭತ್ತ–ಗೋಧಿ ಸರದಿ ಈ ಕಳೆಗೂ ಅನುಕೂಲವಾದವು. 1970ರ ದಶಕದ ಕೊನೆಯಿಂದ ರೈತರು ಐಸೊಪ್ರೊಟ್ಯೂರಾನ್ ಕಳೆನಾಶಕವನ್ನು ನಂಬಿದರು. ಅದು ಎಲೆಯ ದ್ಯುತಿಸಂಶ್ಲೇಷಣೆಯನ್ನು ತಡೆದು ಕಳೆಯನ್ನು ಕೊಲ್ಲುತ್ತದೆ. ಗೋಧಿ ಮಾತ್ರ ಸೈಟೊಕ್ರೋಮ್ ಪಿ450 ಕಿಣ್ವಗಳ ನೆರವಿನಿಂದ ಅದನ್ನು ಬೇಗ ವಿಘಟಿಸಿ ಬದುಕುಳಿಯುತ್ತದೆ.

ನಿರೋಧಕತೆಯ ಉಗಮ
ವರ್ಷವರ್ಷವೂ ಒಂದೇ ಔಷಧ ಬಿದ್ದಾಗ, ಅದನ್ನು ತಾಳಿಕೊಳ್ಳಬಲ್ಲ ಗಿಡಗಳಷ್ಟೇ ಉಳಿದು ಬೀಜ ಉದುರಿಸಿದವು. 1990ರ ದಶಕದ ಆರಂಭದಲ್ಲಿ ಹರಿಯಾಣದಲ್ಲಿ ಸಿಂಪಡಣೆ ಕೈಕೊಟ್ಟಿತು. ಕಳೆ ಮುತ್ತಿದ ಗೋಧಿಯನ್ನು ಕೆಲವರು ಹಸಿರಿರುವಾಗಲೇ ಮೇವಿಗೆ ಕೊಯ್ದರು. ಆರ್.ಕೆ. ಮಲಿಕ್ ಮತ್ತು ಸಮುಂದರ್ ಸಿಂಗ್ 1995ರಲ್ಲಿ ಈ ನಿರೋಧಕತೆಯನ್ನು ವೈಜ್ಞಾನಿಕವಾಗಿ ದಾಖಲಿಸಿದರು. ಪಿ450 ಕಿಣ್ವಗಳನ್ನು ತಡೆಯುವ ಪೈಪೆರೊನಿಲ್ ಬ್ಯುಟಾಕ್ಸೈಡ್ ಬೆರೆಸಿದಾಗ ನಿರೋಧಕ ಗಿಡಗಳ ಮೇಲೂ ಕಳೆನಾಶಕ ಹೆಚ್ಚು ಪರಿಣಾಮ ಬೀರಿತು. ಗೋಧಿಯನ್ನು ಕಾಪಾಡುವ ಬಗೆಯ ರಕ್ಷಣೆಯೇ ಕಳೆಗೂ ಒದಗಿತ್ತು.

ಬದಲಿ ಔಷಧಗಳು
1990ರ ದಶಕದ ಕೊನೆಯಲ್ಲಿ ಕ್ಲಾಡಿನಾಫಾಪ್, ಫೆನಾಕ್ಸಾಪ್ರಾಪ್, ಸಲ್ಫೋಸಲ್ಫ್ಯೂರಾನ್ ಬಳಕೆಗೆ ಬಂದವು. ಮೊದಲೆರಡು ಕೊಬ್ಬಿನಾಮ್ಲ ತಯಾರಿಕೆಗೆ ಬೇಕಾದ ಎಸಿಸಿಯೇಸ್ ಕಿಣ್ವವನ್ನೂ, ಮೂರನೆಯದು ಅಮೈನೊ ಆಮ್ಲ ತಯಾರಿಕೆಯ ಎಎಲ್‌ಎಸ್ ಕಿಣ್ವವನ್ನೂ ಕಟ್ಟಿಹಾಕುತ್ತವೆ. ಮುಂದೆ ಇವುಗಳಿಗೂ ನಿರೋಧಕತೆ ಕಾಣಿಸಿಕೊಂಡಿತು. ಹುಲ್ಲುಕಳೆಗಳಲ್ಲಿ ಇದಕ್ಕೆ ಎರಡು ದಾರಿಗಳಿವೆ: ಕಳೆನಾಶಕವನ್ನು ವಿಘಟಿಸುವುದು ಅಥವಾ ಅದು ಅಂಟುವ ಕಿಣ್ವವೇ ಮಾರ್ಪಡುವುದು. ರೈಗ್ರಾಸ್‌ನಂಥ ಕಳೆಗಳಲ್ಲಿ ಎಸಿಸಿಯೇಸ್‌ನ 1781ನೇ ಸ್ಥಾನದಲ್ಲಿ ಐಸೊಲ್ಯೂಸಿನ್ ಎಂಬ ಅಮೈನೊ ಆಮ್ಲದ ಬದಲು ಲ್ಯೂಸಿನ್ ಬಂದರೆ ಸಾಕು, ಔಷಧದ ಹಿಡಿತ ಸಡಿಲುತ್ತದೆ.

ನಿರ್ವಹಣೆ
ಹರಿಯಾಣದಲ್ಲಿ ಉಳುಮೆರಹಿತ ಬಿತ್ತನೆ ಹರಡಲು ಈ ಕಳೆಯೂ ಒಂದು ಕಾರಣ: ಮಣ್ಣು ಕದಡದಿದ್ದರೆ ಕಳೆ ಕಡಿಮೆ ಮೊಳೆಯುತ್ತದೆ. ಬೇಗ ಬಿತ್ತುವುದು, ಬರ್ಸೀಮ್ ಮೇವಿನಂಥ ಬೆಳೆಗೆ ಸರದಿ ಬದಲಿಸುವುದು, ಬೀಜ ಕಟ್ಟುವ ಮೊದಲೇ ಉಳಿದ ಗಿಡ ಕೀಳುವುದು ಇತರ ಕ್ರಮಗಳು. ಬರೀ ಔಷಧ ಬದಲಿಸಿದರೆ ಸಾಲದು. ಈ ಕ್ರಮಗಳು ಜೊತೆಗಿದ್ದರೆ ಮಾತ್ರ ಹೊಸ ಕಳೆನಾಶಕವೂ ಹೆಚ್ಚು ಕಾಲ ಕೆಲಸಕ್ಕೆ ಬರುತ್ತದೆ.