ಕ್ಲೌಡ್ ಮತ್ತು ಬೃಹತ್ ದತ್ತಾಂಶ ಸಂಶೋಧನೆ: ಕರ್ನಾಟಕದ ಪಾಲು

ಎಲ್ಲೋ ದೂರದಲ್ಲಿರುವ ಯಂತ್ರಗಳನ್ನು ಅಂತರಜಾಲದ ಮೂಲಕ ಬಳಸಿ, ಬಳಸಿದಷ್ಟಕ್ಕೆ ಮಾತ್ರ ಹಣ ಕೊಡುವ ಏರ್ಪಾಡು ಕ್ಲೌಡ್ ಕಂಪ್ಯೂಟಿಂಗ್. ವಿದ್ಯುತ್ ಮೀಟರಿನ ಲೆಕ್ಕವೇ ಇಲ್ಲಿಯೂ. ಈ ವ್ಯಾಪಾರ ಹೊಸದಾದರೂ, ಒಂದು ದುಬಾರಿ ಯಂತ್ರವನ್ನು ಹಲವರು ಹಂಚಿಕೊಳ್ಳುವ ರೂಢಿ ಹಳೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗಣಕ ಕೇಂದ್ರ 1970ರ ಹೊತ್ತಿಗೆ ಐಬಿಎಂ 360/44 ಯಂತ್ರದಿಂದ ಆರಂಭವಾಯಿತು. 1986ರಲ್ಲಿ ಬೆಂಗಳೂರಿನ ವೈಮಾನಿಕ ಸಂಶೋಧನಾ ಪ್ರಯೋಗಾಲಯ ಎನ್‌ಎಎಲ್‌ನ ವಿಜ್ಞಾನಿಗಳು ಸಾಮಾನ್ಯ ಪ್ರೊಸೆಸರ್‌ಗಳನ್ನೇ ಜೋಡಿಸಿ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರ್ ಕಟ್ಟಿದರು. 1990ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ಸೂಪರ್‌ಕಂಪ್ಯೂಟರ್ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ರೂಪುಗೊಂಡಿತು. ಅದರ ಹಿಂದಿದ್ದವರಲ್ಲಿ ಗಣಕ ವಿಜ್ಞಾನಿ ವಿ. ರಾಜಾರಾಮನ್ ಪ್ರಮುಖರು.

ಒಂದೇ ಯಂತ್ರ ನಿಭಾಯಿಸಲಾಗದಷ್ಟು ದೊಡ್ಡದಾದ ಬೃಹತ್ ದತ್ತಾಂಶದ (ಬಿಗ್ ಡೇಟಾ) ತಿರುವು ಬಂದದ್ದು ಅಮೆರಿಕದಿಂದ. ಸಾವಿರಾರು ಅಗ್ಗದ ಯಂತ್ರಗಳಿಗೆ ಕೆಲಸ ಹಂಚಿ, ಒಂದು ಕೆಟ್ಟರೆ ಅದರ ಪಾಲನ್ನು ಇನ್ನೊಂದಕ್ಕೆ ವಹಿಸುವ ಮ್ಯಾಪ್‌ರೆಡ್ಯೂಸ್ ವಿಧಾನವನ್ನು ಗೂಗಲ್‌ನ ಜೆಫ್ ಡೀನ್ ಮತ್ತು ಸಂಜಯ್ ಘೇಮಾವತ್ 2004ರಲ್ಲಿ ಪ್ರಕಟಿಸಿದರು. ಅದೇ ವಿಚಾರದ ಮುಕ್ತ ತಂತ್ರಾಂಶ ಹಡೂಪ್ ಮತ್ತು ಅಮೆಜಾನ್‌ನ ಬಾಡಿಗೆ ಸರ್ವರ್ ಸೇವೆ ಎರಡೂ 2006ರವು.

ಕರ್ನಾಟಕದ ನಂಟು ಗಾಢವಾಗಿ ಕಾಣುವುದು ಗಣಕ ವಿಜ್ಞಾನಿ ರಾಜ್‌ಕುಮಾರ್ ಬುಯ್ಯ ಅವರ ಕೆಲಸದಲ್ಲಿ. ಮೈಸೂರು ವಿಶ್ವವಿದ್ಯಾಲಯದಿಂದ 1992ರಲ್ಲಿ ಬಿ.ಇ., ಬೆಂಗಳೂರು ವಿಶ್ವವಿದ್ಯಾಲಯದಿಂದ 1995ರಲ್ಲಿ ಎಂ.ಇ. ಪಡೆದು, ಬೆಂಗಳೂರಿನ ಸರ್ಕಾರಿ ಗಣಕ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನಲ್ಲಿ ದುಡಿದ ಅವರು ಮುಂದೆ ಮೆಲ್ಬರ್ನ್‌ನಲ್ಲಿ ನೆಲೆಸಿದರು. ಅವರ ತಂಡದ ಕ್ಲೌಡ್‌ಸಿಮ್ ಜಾವಾದಲ್ಲಿ ಬರೆದ ಅನುಕರಣ ತಂತ್ರಾಂಶ. ಡೇಟಾ ಸೆಂಟರ್, ಅದರೊಳಗಿನ ಸರ್ವರ್, ಸರ್ವರಿನೊಳಗಿನ ವರ್ಚುವಲ್ ಯಂತ್ರ, ಅದಕ್ಕೆ ಒಪ್ಪಿಸುವ ಕೆಲಸ ಎಲ್ಲವೂ ಅದರಲ್ಲಿ ಬರಿಯ ಸಂಕೇತಸಾಲುಗಳು. ಯಾವ ಕೆಲಸ ಯಾವ ಯಂತ್ರಕ್ಕೆ ಹೋಗಬೇಕೆಂಬ ನಿಯಮ ಬದಲಿಸಿದರೆ ತಗಲುವ ಸಮಯ, ಕರೆಂಟು, ಖರ್ಚು ಎಷ್ಟೆಂದು ಲ್ಯಾಪ್‌ಟಾಪಿನಲ್ಲೇ ತಿಳಿಯುತ್ತದೆ. ಸರ್ವರ್ ಕೊಳ್ಳಲಾಗದ ಕಾಲೇಜಿಗೂ ಸಂಶೋಧನೆಯ ಬಾಗಿಲು ತೆರೆದದ್ದು ಹೀಗೆ. ಇದಕ್ಕೆ ಇನ್ನೊಂದು ಮುಖವೂ ಉಂಟು: ನಿಜವಾದ ಯಂತ್ರದ ಮೇಲೆ ಎಂದೂ ಓಡದ ನಿಯಮಗಳ ಬಗೆಗಿನ ಪ್ರಬಂಧಗಳಿಗೆ ಲೆಕ್ಕವಿಲ್ಲ.

ಬುಯ್ಯ ಸಹಲೇಖಕರಾಗಿರುವ ‘ಮಾಸ್ಟರಿಂಗ್ ಕ್ಲೌಡ್ ಕಂಪ್ಯೂಟಿಂಗ್’ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಐಚ್ಛಿಕ ವಿಷಯಕ್ಕೆ ಪಠ್ಯವಾಯಿತು. 2018ರ ಪಠ್ಯಕ್ರಮದಲ್ಲಿ ಬಿಗ್ ಡೇಟಾ ಕಂಪ್ಯೂಟರ್ ಸೈನ್ಸ್ ವಿಭಾಗದ ಏಳನೆಯ ಸೆಮಿಸ್ಟರಿನ ವಿಷಯವಾಗಿತ್ತು. ತುಮಕೂರು ಜಿಲ್ಲೆಯಲ್ಲಿ ಗುಬ್ಬಿಯ ಚನ್ನಬಸವೇಶ್ವರ ತಾಂತ್ರಿಕ ವಿದ್ಯಾಲಯದಂಥ ವಿಟಿಯು ಕಾಲೇಜುಗಳಿಗೆ ಈ ವಿಷಯಗಳು ತಲುಪಿದ್ದು ಈ ದಾರಿಯಲ್ಲಿ. ರಾಜಾರಾಮನ್ ‘ರೆಸೊನೆನ್ಸ್’ ಪತ್ರಿಕೆಗೆ 2014ರಲ್ಲಿ ಕ್ಲೌಡ್ ಕುರಿತು, 2016ರಲ್ಲಿ ಬಿಗ್ ಡೇಟಾ ಕುರಿತು ಬರೆದ ಪರಿಚಯ ಲೇಖನಗಳು ವಿದ್ಯಾರ್ಥಿಗಳಿಗೆ ಇಂದಿಗೂ ಒಳ್ಳೆಯ ಪ್ರವೇಶ.

ಕ್ಲೌಡ್ ಬಂದಮೇಲೂ ಸ್ವಂತ ಯಂತ್ರಗಳ ಅಗತ್ಯ ತಪ್ಪಲಿಲ್ಲ. ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಕ್ರೇ ಕಂಪನಿಯ ‘ಸಹಸ್ರ-ಟಿ’, 2022ರಲ್ಲಿ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಅಭಿಯಾನದ ಅಡಿ 3.3 ಪೆಟಾಫ್ಲಾಪ್ ಗಣನ ಸಾಮರ್ಥ್ಯದ ‘ಪರಮ್ ಪ್ರವೇಗ’ ನೆಲೆಗೊಂಡವು. ಅಲ್ಲಿನ ಗಣನ ಮತ್ತು ದತ್ತಾಂಶ ವಿಜ್ಞಾನ ವಿಭಾಗದ ಸಂಶೋಧನೆ ಈಗ ಕ್ಲೌಡ್‌ನ ಜೊತೆಗೆ ಸೆನ್ಸರ್ ಇರುವ ಜಾಗದಲ್ಲೇ ದತ್ತಾಂಶ ಸಂಸ್ಕರಿಸುವ ಎಡ್ಜ್ ವ್ಯವಸ್ಥೆಗಳತ್ತಲೂ ಹೊರಳಿದೆ.