ಧಾರಣೆ ಮತ್ತು ಭತ್ಯೆ: ಮುಂಬಯಿಯ ಬಡ ದುಡಿಮೆಗಾರರು, ೧೯೧೪–೧೯೨೫

ಬೆಲೆ ಏರಿದಾಗ ಕೂಲಿಯೂ ಏರಿತೇ ಎಂಬ ಪ್ರಶ್ನೆಗೆ ಆರ್ಥಿಕ ಇತಿಹಾಸದ ಗ್ರಂಥಗಳು ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ಉತ್ತರ ಹೇಳುವುದುಂಟು. ಆರಂಭದ ವರ್ಷವನ್ನು ನೂರೆಂದು ಗಣಿಸಿ, ಕೊನೆಯ ವರ್ಷದಲ್ಲಿ ಬೆಲೆ ಎಷ್ಟಾಯಿತು, ಕೂಲಿ ಎಷ್ಟಾಯಿತು ಎಂದು ಹೋಲಿಸಿದರೆ ಲೆಕ್ಕ ತೀರಿತೆಂದು ಭಾವಿಸಲಾಗುತ್ತದೆ. ಆದರೆ ಈ ಕ್ರಮದಲ್ಲಿ ಮುಖ್ಯವಾದ ಒಂದು ಅಂಶ ಮರೆಯಾಗುತ್ತದೆ. ಅದು ಬೆಲೆ ಏರಿದ ದಿನಕ್ಕೂ ಕೂಲಿ ಏರಿದ ದಿನಕ್ಕೂ ನಡುವಣ ಅವಧಿ. ಆ ಅವಧಿಯಲ್ಲಿ ನಗರದ ಬಡವರು ಏನನ್ನು ಉಂಡರು, ಯಾರ ಹಣದಿಂದ ಉಂಡರು ಎಂಬುದೇ ನಮ್ಮ ಪ್ರಸ್ತುತ ವಿಚಾರ. ಮುಂಬಯಿಯ ಹತ್ತಿಗಿರಣಿಗಳ ಕೂಲಿಕಾರರ ಇತಿಹಾಸವನ್ನು ಇದಕ್ಕೆ ನಿದರ್ಶನವಾಗಿ ತೆಗೆದುಕೊಂಡಿದ್ದೇವೆ. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಆಗ ಅದೇ ಪ್ರಾಂತಕ್ಕೆ ಸೇರಿದ್ದುದರಿಂದ, ಆ ಸರಕಾರದ ಕಡತಗಳು ಕರ್ನಾಟಕದ ಇತಿಹಾಸಕ್ಕೂ ಆಕರಗಳೇ ಆಗಿವೆ.

ಮೊದಲನೆಯ ಮಹಾಯುದ್ಧ ೧೯೧೪ರಲ್ಲಿ ಪ್ರಾರಂಭವಾದಾಗ ಧಾನ್ಯದ ಧಾರಣೆ ಕೂಡಲೇ ವಿಪರೀತಕ್ಕೆ ಹೋಗಲಿಲ್ಲ. ಯುದ್ಧ ಬೆಳೆದಂತೆ ಹಡಗುಗಳೂ ರೈಲುಗಳೂ ಸೈನ್ಯದ ಕೆಲಸಕ್ಕೆ ಸಂದುವು. ಗೋದಿ ಹೊರದೇಶಕ್ಕೆ ಹೋಯಿತು. ಬೆಳ್ಳಿಯ ಅಭಾವದಿಂದ ಕಾಗದದ ನಾಣ್ಯದ ಚಲಾವಣೆ ಹೆಚ್ಚಿತು. ಇವೆಲ್ಲದರ ಮೇಲೆ ೧೯೧೮ರ ಮುಂಗಾರು ಕೈಕೊಟ್ಟಿತು. ಪ್ರಾಂತದಿಂದ ಪ್ರಾಂತಕ್ಕೆ ಧಾನ್ಯ ಸಾಗಿಸುವುದನ್ನು ಸರಕಾರ ನಿಯಂತ್ರಿಸಬೇಕಾಯಿತು. ಅದೇ ವರ್ಷ ಇನ್‌ಫ್ಲುಯೆಂಜಾ ಜ್ವರವು ಮುಂಬಯಿಯ ಚಾಳುಗಳಲ್ಲಿ ಹಬ್ಬಿ, ದುಡಿಯುವವರನ್ನೇ ಹಾಸಿಗೆ ಹಿಡಿಸಿತು. ಧಾನ್ಯ ತುಟ್ಟಿಯಾದ ವರ್ಷವೇ ಕೆಲಸದ ದಿನಗಳೂ ಕಡಿಮೆಯಾದುವು.

ಗಿರಣಿಗಳಿಗೆ ಮಾತ್ರ ಇದು ಸಂಪತ್ತಿನ ಕಾಲ. ಲ್ಯಾಂಕಷೈರಿನ ಬಟ್ಟೆಯ ಆಮದು ತಗ್ಗಿದ್ದರಿಂದ ದೇಶದ ಬಟ್ಟೆಗೆ ಗಿರಾಕಿ ಹೆಚ್ಚಿ, ಲಾಭ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿತು. ಆದರೂ ಕೂಲಿಯ ಹೆಚ್ಚಳ ಕಂತುಕಂತಾಗಿ ಬಂದಿತು. ೧೯೧೭ರಲ್ಲಿ ದೊರೆತ ಮೊದಲ ಯುದ್ಧಭತ್ಯೆ ಶೇಕಡಾ ೧೦ ಮಾತ್ರ. ೧೯೧೯ರ ಜನವರಿಯಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ಕೂಲಿಕಾರರು ಗಿರಣಿಗಳನ್ನು ಬಿಟ್ಟು ಹೊರಬಂದ ಮೇಲೆ ಭತ್ಯೆ ಶೇಕಡಾ ೩೫ಕ್ಕೆ ಏರಿತು. ೧೯೨೦ರ ಆದಿಯಲ್ಲಿ ಸುಮಾರು ಒಂದು ತಿಂಗಳು ನಡೆದ ಎರಡನೆಯ ಮುಷ್ಕರವು ಭತ್ಯೆಯನ್ನು ಇನ್ನಷ್ಟು ಏರಿಸಿದ್ದಲ್ಲದೆ ದಿನದ ದುಡಿಮೆಯನ್ನು ಹತ್ತು ಗಂಟೆಗೆ ಇಳಿಸಿತು. ಆ ವರ್ಷದ ಕೊನೆಗೆ ನಿಗದಿ ಸಂಬಳದ ಗಂಡಸರಿಗೆ ಶೇಕಡಾ ೭೦, ತುಂಡುಕೆಲಸದವರಿಗೆ ಶೇಕಡಾ ೮೦ ಭತ್ಯೆ ಸಂದಿತು. ಆ ವೇಳೆಗೆ ಜೀವನವೆಚ್ಚವು ೧೯೧೪ರ ಜುಲೈ ತಿಂಗಳಿನದಕ್ಕಿಂತ ಸುಮಾರು ಇಮ್ಮಡಿಯಾಗಿದ್ದಿತು.

ಕೊನೆಯ ಅಂಕಿಗಳನ್ನಷ್ಟೇ ನೋಡಿದರೆ ಅಂತರ ಅಷ್ಟೇನೂ ದೊಡ್ಡದಲ್ಲ. ಆದರೆ ಆ ಮಟ್ಟವನ್ನು ಮುಟ್ಟಲು ಮೂರು ವರ್ಷ ಹಿಡಿಯಿತು, ಎರಡು ದೊಡ್ಡ ಮುಷ್ಕರಗಳು ನಡೆಯಬೇಕಾಯಿತು. ಪ್ರತಿಯೊಂದು ಮುಷ್ಕರದಲ್ಲಿಯೂ ಕೂಲಿ ಸಂಪೂರ್ಣವಾಗಿ ನಿಂತುಹೋಯಿತು. ಮೇಲಾಗಿ, ಗಿರಣಿಗಳಲ್ಲಿ ಕೂಲಿಯನ್ನು ತಿಂಗಳಿಗೊಮ್ಮೆ, ಅದೂ ಮುಂದಿನ ತಿಂಗಳ ಎರಡನೆಯ ವಾರದ ಸುಮಾರಿಗೆ ಕೊಡುವ ವಾಡಿಕೆಯಿದ್ದಿತು. ಹೊಸದಾಗಿ ಸೇರಿದವನು ಮೊದಲ ಸಂಬಳಕ್ಕಾಗಿ ಆರು ವಾರ ಕಾಯಬೇಕಾಗುತ್ತಿತ್ತು. ಅಷ್ಟು ದಿನ ಅವನು ದಿನಸಿ ಅಂಗಡಿಯಲ್ಲಿ ಉದ್ದರಿಯ ಮೇಲೆಯೇ ಅಕ್ಕಿ ಬೇಳೆ ತರಬೇಕು. ಧಾರಣೆ ಏರಿದಾಗ ಅಂಗಡಿಯವನು ಅಂದಿನ ಧಾರಣೆಯನ್ನೇ ಬರೆದುಕೊಳ್ಳುವನು. ಕೂಲಿಯಾದರೋ ಹಳೆಯ ದರದಲ್ಲಿ, ತಡವಾಗಿ ಬರುವುದು. ಉಳಿದ ಬಾಕಿಗೆ ಲೇವಾದೇವಿಗಾರನೇ ಗತಿ.

ಈ ಮಾತು ಊಹೆಯಲ್ಲ. ೧೯೨೧ರಲ್ಲಿ ಸ್ಥಾಪಿತವಾದ ಮುಂಬಯಿ ಸರಕಾರದ ಕಾರ್ಮಿಕ ಕಚೇರಿಯು ಫಿಂಡ್ಲೇ ಶಿರಾಸ್ ಅವರ ನಿರ್ದೇಶನದಲ್ಲಿ ೧೯೨೧–೨೨ರಲ್ಲಿ ನಡೆಸಿ, ೧೯೨೩ರಲ್ಲಿ ಪ್ರಕಟಿಸಿದ ಕುಟುಂಬವೆಚ್ಚದ ವಿಚಾರಣೆಯು ಇದಕ್ಕೆ ಸಾಕ್ಷಿ. ಪರಿಶೀಲಿಸಿದ ೨,೪೭೩ ದುಡಿಮೆಗಾರ ಕುಟುಂಬಗಳ ವೆಚ್ಚದಲ್ಲಿ ಅರ್ಧಕ್ಕೂ ಹೆಚ್ಚು ಭಾಗ, ಎಂದರೆ ಶೇಕಡಾ ೫೬.೮, ಆಹಾರಕ್ಕೇ ಹೋಗುತ್ತಿತ್ತು. ಶೇಕಡಾ ೪೭ ಕುಟುಂಬಗಳು ಸಾಲದಲ್ಲಿದ್ದುವು. ವಾಡಿಕೆಯ ಬಡ್ಡಿ ತಿಂಗಳಿಗೆ ರೂಪಾಯಿಗೆ ಒಂದಾಣೆ. ವರ್ಷಕ್ಕೆ ಶೇಕಡಾ ೭೫ ಆಯಿತು. ಎಲ್ಲಕ್ಕಿಂತ ಗಮನಾರ್ಹವಾದುದು ಆಹಾರದ ಪ್ರಮಾಣವನ್ನು ಕುರಿತ ನಿರ್ಣಯ: ಈ ದುಡಿಮೆಗಾರರು ಉಣ್ಣುತ್ತಿದ್ದ ಧಾನ್ಯವು ಕ್ಷಾಮಸಂಹಿತೆಯು ಅನುಮತಿಸಿದ ಪರಮಾವಧಿಯಷ್ಟಿದ್ದರೂ, ಮುಂಬಯಿಯ ಸೆರೆಮನೆಗಳ ಕೈದಿಗಳಿಗೆ ಗೊತ್ತುಮಾಡಿದ ಆಹಾರಕ್ಕಿಂತ ಕಡಿಮೆಯಾಗಿದ್ದಿತು. ಇದು ಭತ್ಯೆ ಪೂರ್ಣವಾಗಿ ದೊರೆತ ಮೇಲಿನ ಸ್ಥಿತಿ ಎಂಬುದನ್ನು ಮರೆಯಲಾಗದು.

೧೯೨೧ರ ನಂತರ ಧಾರಣೆ ಇಳಿಮುಖವಾಯಿತು. ಕೂಲಿ ಇಳಿಯದೆ ನಿಂತುದರಿಂದ ಅದರ ನಿಜಮೌಲ್ಯ ಹೆಚ್ಚಿತು. ಆಗ ಮಾಲಿಕರು ತಮ್ಮ ಲೆಕ್ಕವನ್ನು ಮುಂದಿಟ್ಟರು. ೧೯೨೩ನೆಯ ಸಾಲಿನ ಬೋನಸನ್ನು ನಿಲ್ಲಿಸಿದ್ದರಿಂದ ೧೯೨೪ರಲ್ಲಿ ಮುಷ್ಕರವಾಯಿತು. ಬೋನಸ್ ಕೇಳಲು ಕೂಲಿಕಾರರಿಗೆ ಕಾನೂನಿನ ಹಕ್ಕಿಲ್ಲವೆಂದು ವಿಚಾರಣಾ ಸಮಿತಿ ಅಭಿಪ್ರಾಯಪಟ್ಟಿತು. ೧೯೨೫ರಲ್ಲಿ ಕೂಲಿಯನ್ನು ಶೇಕಡಾ ೧೧½ರಷ್ಟು ಕಡಿಮೆ ಮಾಡುವುದಾಗಿ ಮಾಲಿಕರು ಸಾರಿದಾಗ ಪುನಃ ದೀರ್ಘ ಮುಷ್ಕರ ನಡೆಯಿತು. ಹತ್ತಿಬಟ್ಟೆಯ ಮೇಲಿನ ಅಬಕಾರಿ ಸುಂಕವನ್ನು ಸರಕಾರ ಡಿಸೆಂಬರಿನಲ್ಲಿ ತಡೆಹಿಡಿದ ಬಳಿಕವೇ ಹಳೆಯ ದರ ಉಳಿಯಿತು. ಮಾರುಕಟ್ಟೆ ಕುಸಿದಿತ್ತು, ಜಪಾನಿನ ಸ್ಪರ್ಧೆಯಿತ್ತು ಎಂಬ ಮಾಲಿಕರ ಮಾತು ಸುಳ್ಳಲ್ಲ. ಆದರೆ ಧಾರಣೆ ಇಳಿದ ವರ್ಷಗಳ ಲಾಭವನ್ನು ಎಣಿಸಿದವರು ಧಾರಣೆ ಏರಿದ ವರ್ಷಗಳ ನಷ್ಟವನ್ನು ಎಣಿಸಲಿಲ್ಲ. ಗಿರಣಿಯ ಪುಸ್ತಕದಲ್ಲಿ ೧೯೧೮ ಮುಗಿದ ವರ್ಷ. ಶೇಕಡಾ ೭೫ರ ಬಡ್ಡಿಯಲ್ಲಿ ಸಾಲಮಾಡಿದವನಿಗೆ ಅದು ಮುಗಿದಿರಲಿಲ್ಲ.

ಇಷ್ಟಾದರೂ ಗಿರಣಿಯವರಿಗೆ ಒಟ್ಟಾಗಿ ಕೆಲಸ ನಿಲ್ಲಿಸುವ ಬಲವಿದ್ದಿತು. ಹಮಾಲರು, ಮನೆಗೆಲಸದವರು, ತಲೆಹೊರೆಯ ವ್ಯಾಪಾರಿಗಳು ಮುಂತಾದವರು ಅದೇ ಧಾರಣೆಯಲ್ಲಿ ಧಾನ್ಯ ಕೊಳ್ಳಬೇಕಾಗಿದ್ದರೂ, ಭತ್ಯೆ ಕೇಳಲು ಅವರಿಗೆ ಒಬ್ಬ ಗೊತ್ತಾದ ಮಾಲಿಕನೂ ಇರಲಿಲ್ಲ.

ಮುಂದಿನ ದಶಕಗಳಲ್ಲಿ ಈ ಅಂತರವನ್ನು ಕಿರಿದುಗೊಳಿಸುವ ಪ್ರಯತ್ನಗಳು ನಡೆದುವು. ೧೯೩೬ರ ವೇತನ ಪಾವತಿ ಶಾಸನವು ಸಾವಿರಕ್ಕಿಂತ ಕಡಿಮೆ ಜನ ದುಡಿಯುವ ಕಾರ್ಖಾನೆಗಳಲ್ಲಿ ಏಳು ದಿನಗಳೊಳಗೆ, ಉಳಿದೆಡೆ ಹತ್ತು ದಿನಗಳೊಳಗೆ ಕೂಲಿ ಸಲ್ಲಬೇಕೆಂದು ವಿಧಿಸಿತು. ಎರಡನೆಯ ಮಹಾಯುದ್ಧದಲ್ಲಿ ಮುಂಬಯಿಯ ಗಿರಣಿಗಳ ತುಟ್ಟಿಭತ್ಯೆಯು ಜೀವನವೆಚ್ಚದ ಸೂಚ್ಯಂಕವನ್ನು ಅನುಸರಿಸತೊಡಗಿತು. ೧೯೪೩ರ ಮೇ ತಿಂಗಳಲ್ಲಿ ಆ ನಗರದಲ್ಲಿ ಪಡಿತರ ಪದ್ಧತಿ ಜಾರಿಗೆ ಬಂದಿತು. ಇವೆರಡರಲ್ಲಿ ವ್ಯತ್ಯಾಸವಿದೆ. ಭತ್ಯೆ ಸಲ್ಲುವುದು ಮಾಲಿಕನ ಪಟ್ಟಿಯಲ್ಲಿ ಹೆಸರಿದ್ದವನಿಗೆ, ಅದೂ ಬೆಲೆ ಏರಿದ ಮೇಲೆ. ಪಡಿತರದ ಧಾನ್ಯವಾದರೋ ಹಮಾಲನಿಗೂ ಗೊತ್ತಾದ ಬೆಲೆಗೇ ದೊರೆಯುವುದು. ಆದಕಾರಣ ಕೂಲಿಯ ಇತಿಹಾಸವನ್ನು ಬರೆಯುವಾಗ ಎಷ್ಟು ಕೊಟ್ಟರು ಎಂಬುದರೊಂದಿಗೆ, ಯಾವಾಗ ಕೊಟ್ಟರು, ಯಾರಿಗೆ ಕೊಡಲಿಲ್ಲ ಎಂಬುದನ್ನೂ ದಾಖಲಿಸುವುದು ಅವಶ್ಯಕವೆಂದು ನಾವು ಭಾವಿಸುತ್ತೇವೆ.