ಕೈಗಾ ಘಟ್ಟದ ದಾರಿ, ಲಂಡನ್ನಿನ ಚರ್ಚೆ

ರಾಯಪುರಂ ರೈಲು ನಿಲ್ದಾಣದ ಹಳೆಯ ಕಟ್ಟಡವನ್ನು ನಮ್ಮಲ್ಲಿ ಹಲವರು ನೋಡಿರಬಹುದು. 1856ನೇ ಇಸವಿ ಜೂನ್ 28ರಂದು ಗವರ್ನರ್ ಲಾರ್ಡ್ ಹ್ಯಾರಿಸ್ ಅದನ್ನು ಉದ್ಘಾಟಿಸಿದರು. ಜುಲೈ 1ರಿಂದ ಅಲ್ಲಿಂದ ಆರ್ಕಾಟಿನ ಕಡೆಗೆ, ಅಂದರೆ ಇಂದಿನ ವಾಲಾಜಾ ರೋಡಿನವರೆಗೆ, ದಕ್ಷಿಣ ಭಾರತದ ಮೊದಲ ರೈಲು ಓಡಲಾರಂಭಿಸಿತು. ಇದು ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಆದರೆ ಅದೇ ಕಾಲದಲ್ಲಿ, ಅದೇ ಮದರಾಸು ಸರ್ಕಾರದ ಕೈಯಲ್ಲಿ, ಕನ್ನಡ ನಾಡಿನ ಕಾಡೊಂದರೊಳಗೆ ಒಂದು ಗಾಡಿ ರಸ್ತೆಯ ಕೆಲಸವೂ ಇತ್ತು. ರೈಲು ಬೇಗ ಬೇಗ ಮುಂದೆ ಸಾಗಿತು. ರಸ್ತೆ ಮಾತ್ರ ಕುಂಟಿತು. ಕೊನೆಗೆ ಒಂದು ಇಡೀ ಜಿಲ್ಲೆಯೇ ಮದರಾಸಿನ ಕೈತಪ್ಪಿ ಹೋಯಿತು. ಮದರಾಸಿಗೂ ಕನ್ನಡಿಗರಿಗೂ ಇದ್ದ ನಂಟಿನಲ್ಲಿ ಇದೊಂದು ಮರೆತುಹೋದ ಅಧ್ಯಾಯ.

ಟಿಪ್ಪು ಸುಲ್ತಾನನ ಪತನವಾದ 1799ರಿಂದ ಕೆನರಾ ಜಿಲ್ಲೆ ಮದರಾಸಿಗೆ ಸೇರಿತ್ತು. ಮಂಗಳೂರು, ಉಡುಪಿ ಮಾತ್ರವಲ್ಲ, ಹೊನ್ನಾವರ, ಕುಮಟೆ, ಅಂಕೋಲೆ, ಕಾರವಾರ, ಶಿರಸಿ ಎಲ್ಲವೂ ಇದರೊಳಗೇ. ಅಲ್ಲಿಯ ರೈತ ಕೊಟ್ಟ ಕಂದಾಯದ ಲೆಕ್ಕ ಸೇಂಟ್ ಜಾರ್ಜ್ ಕೋಟೆಗೆ ಬರುತ್ತಿತ್ತು. ಘಟ್ಟದ ಮೇಲಿನ ಧಾರವಾಡ ಜಿಲ್ಲೆಯಾದರೋ ಮುಂಬಯಿ ಪ್ರಾಂತಕ್ಕೆ ಸೇರಿದ್ದು. ಹುಬ್ಬಳ್ಳಿ, ಗದಗಿನ ಕಡೆಯ ಕರಿಮಣ್ಣಿನಲ್ಲಿ 1840ರ ದಶಕದಲ್ಲಿ ಅಮೆರಿಕದ ಬೀಜದ ಹತ್ತಿ ಚೆನ್ನಾಗಿ ಹಿಡಿಯಿತು. ಆ ಹತ್ತಿ ಹೇರೆತ್ತುಗಳ ಬೆನ್ನೇರಿ, ಗಾಡಿಗಳಲ್ಲಿ ನಲುಗಿ, ಘಟ್ಟವಿಳಿದು ಕುಮಟೆಯ ಬಂದರಿಗೆ ಬರಬೇಕು. ಅಲ್ಲಿಂದ ದೋಣಿಯಲ್ಲಿ ಮುಂಬಯಿಗೆ, ಮುಂಬಯಿಯಿಂದ ಹಡಗಿನಲ್ಲಿ ಇಂಗ್ಲೆಂಡಿಗೆ. ದಾರಿಯ ಧೂಳು, ಮಂಜು, ಮಳೆ ಎಲ್ಲವನ್ನೂ ಕುಡಿದು ತಲುಪಿದ ಹತ್ತಿಗೆ ಬೆಲೆ ಎಷ್ಟು ಬಂದೀತು?

ಇಲ್ಲೇ ಇರುವುದು ಗಂಟು. ಹತ್ತಿ ಬೆಳೆಯುವುದು ಮುಂಬಯಿ ಪ್ರಾಂತದಲ್ಲಿ, ರಸ್ತೆ ಆಗಬೇಕಾದದ್ದು ಮದರಾಸು ಪ್ರಾಂತದಲ್ಲಿ. ಹತ್ತಿಯ ಲಾಭ ಮುಂಬಯಿಯ ವರ್ತಕರಿಗೆ, ಕಾಡು ಕಡಿದು ಬಂಡೆ ಒಡೆಯುವ ಖರ್ಚು ಮದರಾಸಿನ ಖಜಾನೆಗೆ. ದೇಶದ ಇನ್ನೊಂದು ತುದಿಯಲ್ಲಿ, ಬಂಗಾಳಕೊಲ್ಲಿಯ ಕಡೆಗೆ ಮುಖ ಮಾಡಿ ಕುಳಿತ ಸರ್ಕಾರಕ್ಕೆ ಕಾರವಾರದ ಕಡಲು ದೂರವೇ. ಅದು ಉದಾಸೀನ ಮಾಡಿತೆಂದು ಬೈಯುವುದು ಸುಲಭ. ನನಗಂತೂ ಆ ಲೆಕ್ಕವೇ ಹಾಗಿತ್ತೆಂದು ತೋರುತ್ತದೆ.

ಲಂಡನ್ನಿನಲ್ಲಿ ಮಾತಿಗೇನೂ ಬರವಿರಲಿಲ್ಲ. ಭಾರತದ ಹತ್ತಿಯ ವಿಚಾರಣೆಗೆಂದು ಕಾಮನ್ಸ್ ಸಭೆ 1848ರಲ್ಲಿ ಜಾನ್ ಬ್ರೈಟ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನೇ ಕೂಡಿಸಿತ್ತು. 1858ರ ಜೂನ್ 24ರಂದು ಇದೇ ಬ್ರೈಟ್ ಸಭೆಯಲ್ಲಿ ಎದ್ದು ನಿಂತು, ಇಂಗ್ಲೆಂಡಿನ ಒಂದೇ ಒಂದು ಜಿಲ್ಲೆಯಲ್ಲಿರುವಷ್ಟು ಓಡಾಡಬಲ್ಲ ರಸ್ತೆಗಳು ಇಡೀ ಇಂಡಿಯಾದಲ್ಲಿ ಇಲ್ಲವೆಂದರು. 1834ರಿಂದ 1848ರವರೆಗಿನ 14 ವರ್ಷಗಳಲ್ಲಿ ಕಂಪನಿ ಸರ್ಕಾರ ತನ್ನ ಸಮಸ್ತ ರಾಜ್ಯದ ಎಲ್ಲ ಲೋಕೋಪಯೋಗಿ ಕೆಲಸಗಳಿಗೆ ಖರ್ಚು ಮಾಡಿದ್ದಕ್ಕಿಂತ ಹೆಚ್ಚು ಹಣವನ್ನು ಮ್ಯಾಂಚೆಸ್ಟರ್ ನಗರವೊಂದೇ ಕುಡಿಯುವ ನೀರಿಗಾಗಿ ಸುರಿದಿದೆಯೆಂದು ಚುಚ್ಚಿದರು. ಮಾತು ದಿಟ. ಆದರೆ ಬ್ರೈಟ್ ಹತ್ತಿಗಿರಣಿ ಮನೆತನದವರು ಎಂಬುದನ್ನೂ ಮರೆಯಬಾರದು. ಅವರ ಕರುಣೆಯೊಳಗೆ ವ್ಯಾಪಾರವೂ ಇತ್ತು, ವ್ಯಾಪಾರದೊಳಗೆ ಕರುಣೆಯೂ ಇತ್ತು.

ಇತ್ತ ಮದರಾಸಿನವರು ಸುಮ್ಮನಿರಲಿಲ್ಲ. ಗಾಜುಲು ಲಕ್ಷ್ಮೀನರಸು ಶೆಟ್ಟಿಯವರು ಮುಂದಾಗಿ ಕಟ್ಟಿದ ಮದರಾಸು ನೇಟಿವ್ ಅಸೋಸಿಯೇಷನ್ 1852ರಲ್ಲೇ ಪಾರ್ಲಿಮೆಂಟಿಗೊಂದು ದೀರ್ಘ ಅರ್ಜಿ ಸಿದ್ಧಪಡಿಸಿತ್ತು. ಕಂದಾಯದ ಹೊರೆಯ ಜೊತೆಗೆ ರಸ್ತೆ, ನೀರಾವರಿಗಳ ದುರವಸ್ಥೆಯೂ ಅದರಲ್ಲಿತ್ತು. ಅರ್ಜಿ ಹೋಗಬಹುದಿತ್ತು, ಅರ್ಜಿದಾರ ಹೋಗುವಂತಿರಲಿಲ್ಲ. ಆ ಸಭೆಯಲ್ಲಿ ಮ್ಯಾಂಚೆಸ್ಟರಿಗೆ ಸದಸ್ಯರಿದ್ದರು; ಮದರಾಸಿಗಾಗಲಿ ಕುಮಟೆಗಾಗಲಿ ಒಬ್ಬನೂ ಇರಲಿಲ್ಲ. 1858ರ ಕಾಯಿದೆಯ ಮೇಲೆ ಭಾರತದ ಜಮಾಖರ್ಚು ವರ್ಷವರ್ಷ ಪಾರ್ಲಿಮೆಂಟಿನ ಮುಂದೆ ಬರತೊಡಗಿತು. ಅಧಿವೇಶನ ಮುಗಿಯುವ ಹೊತ್ತಿಗೆ, ಖಾಲಿ ಬೆಂಚುಗಳ ಮುಂದೆ ಅದನ್ನು ಓದುವುದೇ ವಾಡಿಕೆಯಾಯಿತು. ಆ ಹಣಕ್ಕೆ ಸಭೆಯ ಮತವೂ ಬೇಕಿರಲಿಲ್ಲ, ಹಣ ಅವರದಲ್ಲವಲ್ಲ!

ಈಗ ರಾಯಪುರಂ ರೈಲಿನ ಮಾತಿಗೆ ಬರೋಣ. ಅದನ್ನು ಹಾಕಿದ್ದು ಲಂಡನ್ನಿನ ಮದರಾಸು ರೈಲ್ವೆ ಕಂಪನಿ. ಪಾಲುದಾರರ ಬಂಡವಾಳಕ್ಕೆ ನೂರಕ್ಕೆ 5ರಂತೆ ಬಡ್ಡಿ ಕೊಡುತ್ತೇವೆಂದು ಸರ್ಕಾರ ಕರಾರು ಬರೆದುಕೊಟ್ಟಿತ್ತು. ರೈಲು ಗಳಿಸಲಿ ಬಿಡಲಿ, ಬಡ್ಡಿ ಭಾರತದ ಕಂದಾಯದಿಂದ ಸಲ್ಲಲೇಬೇಕು. ಹೀಗಾಗಿ ಹಣಕ್ಕೆ ತಡೆಯಿಲ್ಲ. ಹಳಿ 1862ರ ಹೊತ್ತಿಗೆ ಮಲಬಾರಿನ ಬೇಪೂರನ್ನೂ 1864ರಲ್ಲಿ ಬೆಂಗಳೂರನ್ನೂ ಮುಟ್ಟಿತು.

ರಸ್ತೆಗೆ ಅಂಥ ಕರಾರುಗಳಿರಲಿಲ್ಲ. ರಸ್ತೆ ಯಾರಿಗೂ ಬಡ್ಡಿ ಕೊಡುವುದಿಲ್ಲ. ಅದಕ್ಕೆ ಆಯಾ ವರ್ಷದ ಉಳಿಕೆಯೇ ಗತಿ. ದಂಗೆಯ ಸಾಲ ತೀರಿಸಲು 1860ರಲ್ಲಿ ಜೇಮ್ಸ್ ವಿಲ್ಸನ್ ಭಾರತದ ಮೊದಲ ಮುಂಗಡ ಪತ್ರವನ್ನು ಮಂಡಿಸಿ ವರಮಾನ ತೆರಿಗೆ ಹಾಕಿದರು. ಮದರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲಿಯನ್ ಅದನ್ನು ಬಹಿರಂಗವಾಗಿ ವಿರೋಧಿಸಿ ಹುದ್ದೆಯನ್ನೇ ಕಳೆದುಕೊಂಡರು. ಗವರ್ನರನ ಪಾಡೇ ಹೀಗಾದರೆ ಇಂಜಿನಿಯರನ ಪಾಡೇನು! ಹೊಸ ಪದ್ಧತಿಯಲ್ಲಿ ಮಂಜೂರಾದ ಹಣ ವರ್ಷದ ಕೊನೆಯೊಳಗೆ ಖರ್ಚಾಗದಿದ್ದರೆ ರದ್ದು. ಆಗಿನ ಸರ್ಕಾರಿ ವರ್ಷ ಮುಗಿಯುತ್ತಿದ್ದುದು ಏಪ್ರಿಲ್ 30ಕ್ಕೆ. ಘಟ್ಟದ ಮಳೆ ಬಲ್ಲವರಿಗೆ ಇದರ ಅರ್ಥ ಹೇಳಬೇಕಿಲ್ಲ. ಅಕ್ಟೋಬರಿನವರೆಗೆ ನೆಲ ಒದ್ದೆ, ಆಮೇಲೆ ಚಳಿಜ್ವರದ ಕಾಟ. ಕೂಲಿಗಳು ನಿಂತು ಕೆಲಸ ಮಾಡುವುದು ನಾಲ್ಕೈದು ತಿಂಗಳು. ಗುದ್ದಲಿ ಹದಕ್ಕೆ ಬರುವಷ್ಟರಲ್ಲಿ ಖಜಾನೆಯ ಬಾಗಿಲು ಮುಚ್ಚುವ ಹೊತ್ತು.

1861ರ ಏಪ್ರಿಲಿನಲ್ಲಿ ಅಮೆರಿಕದ ಅಂತರ್ಯುದ್ಧ ಹೊತ್ತಿಕೊಂಡು ಅಲ್ಲಿಯ ಹತ್ತಿ ನಿಂತಿತು. ಲ್ಯಾಂಕಷೈರಿನ ಗಿರಣಿಗಳು ಮುಚ್ಚಿದವು, ಕಾರ್ಮಿಕರು ಗಂಜಿ ಕೇಂದ್ರಗಳ ಮುಂದೆ ನಿಂತರು. ಆಗ ಧಾರವಾಡದ ಹತ್ತಿಗೆ ಬಂದ ಮರ್ಯಾದೆಯೇ ಮರ್ಯಾದೆ! ಕುಮಟೆಗಿಂತ ಕಾರವಾರದ ಕೊಲ್ಲಿ ಹಡಗಿಗೆ ಸುರಕ್ಷಿತ. ಕಾಳೀನದಿಯ ದಡದ ಸದಾಶಿವಗಡದಲ್ಲಿ ಬಂದರು ಮಾಡಿ, ಯಲ್ಲಾಪುರದಿಂದ ಕೈಗಾ ಘಟ್ಟದ ಮೂಲಕ ಗಾಡಿ ರಸ್ತೆ ಇಳಿಸಿದರೆ ಹತ್ತಿ ನೇರ ಇಂಗ್ಲೆಂಡಿಗೆ ಹೋಗುತ್ತದೆ ಎಂಬುದು ಯೋಜನೆ. ಹೊಸದಾಗಿ ಹುಟ್ಟಿದ ಮ್ಯಾಂಚೆಸ್ಟರ್ ಕಾಟನ್ ಕಂಪನಿ ಇದನ್ನು ನಂಬಿ ಹತ್ತಿ ಒತ್ತುವ ಯಂತ್ರಗಳನ್ನು ಹಡಗೇರಿಸಿತು. 1862ರಲ್ಲಿ ಕಂಪನಿಯ ಕಾರ್ಯದರ್ಶಿ ಹೇವುಡ್ ಬಂದು ನೋಡಿದರೆ ರಸ್ತೆ ಇನ್ನೂ ಮುಗಿದಿರಲಿಲ್ಲ. ಯಂತ್ರಗಳಿಗೆ ಮುಂದೆ ಹೋಗಲು ದಾರಿಯಿಲ್ಲ.

ಮ್ಯಾಂಚೆಸ್ಟರಿನಲ್ಲಿ ಕೋಲಾಹಲವೆದ್ದಿತು. ಭಾರತ ಮಂತ್ರಿ ಸರ್ ಚಾರ್ಲ್ಸ್ ವುಡ್ ಅವರ ಮೇಲೆ ಗಿರಣಿ ಧಣಿಗಳು ಮುಗಿಬಿದ್ದರು. ವುಡ್ ಅವರ ಉತ್ತರದ ತಿರುಳು ಹೀಗೆ: ಸರ್ಕಾರ ರಸ್ತೆ ಮಾಡಬಹುದು, ಹತ್ತಿಯ ವ್ಯಾಪಾರ ಮಾಡಲಾರದು, ಅಷ್ಟು ಅವಸರವಿದ್ದರೆ ಮ್ಯಾಂಚೆಸ್ಟರ್ ಒಳ್ಳೆಯ ಬೆಲೆ ಕೊಟ್ಟು ಕೊಳ್ಳಲಿ. ಇದರಲ್ಲಿ ನ್ಯಾಯವಿಲ್ಲದೆ ಇಲ್ಲ. ಗಿರಣಿಯವರು ಕೇಳುತ್ತಿದ್ದುದು ತಮ್ಮ ಹತ್ತಿಗೆ ದಾರಿ, ಹಣ ನಮ್ಮ ರೈತನದು. ಆದರೂ ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಲಂಡನ್ನು ಒಪ್ಪಿದ ಕೆಲಸ ಕಲ್ಕತ್ತೆಯ ಹಣಕಾಸು, ಮದರಾಸಿನ ಕಚೇರಿ ದಾಟಿ ಘಟ್ಟ ಸೇರುವಷ್ಟರಲ್ಲಿ ಸೊರಗಿದ್ದೂ ನಿಜ.

ಕೊನೆಗೆ ಸರ್ಕಾರ ಕಂಡುಕೊಂಡ ಉಪಾಯ ರಸ್ತೆಯನ್ನು ಬೇಗ ಮಾಡುವುದಲ್ಲ, ಗಡಿಯನ್ನೇ ಬದಲಿಸುವುದು. ಹತ್ತಿ, ದಾರಿ, ಬಂದರು ಒಂದೇ ಕೈಯಲ್ಲಿರಲೆಂದು 1862ರಲ್ಲಿ ಉತ್ತರ ಕೆನರಾವನ್ನು ಮುಂಬಯಿಗೆ ಒಪ್ಪಿಸಿದರು. ಕುಂದಾಪುರ ಮಾತ್ರ ದಕ್ಷಿಣ ಕೆನರಾದೊಡನೆ ಮದರಾಸಿನಲ್ಲೇ ಉಳಿಯಿತು. ಒಂದೇ ಕರಾವಳಿಯ ನೆಂಟರಿಷ್ಟರಿಗೆ ಎರಡು ಸರ್ಕಾರ, ಎರಡು ಕೋರ್ಟು. ಅಂಕೋಲೆಯವರು ವಿದ್ಯೆಗೆ, ನೌಕರಿಗೆ ಮುಂಬಯಿ ಹಾದಿ ಹಿಡಿದರು, ಉಡುಪಿಯವರು ಮದರಾಸಿನ ಹಾದಿ ಹಿಡಿದರು. ಈ ಕೇಳಿಕೆಯನ್ನು ಪಾರ್ಲಿಮೆಂಟಿನ ಮುಂದಿಟ್ಟವರು ಇವರ್ಯಾರೂ ಅಲ್ಲ.

1865ರಲ್ಲಿ ಅಮೆರಿಕದ ಯುದ್ಧ ಮುಗಿದು ಹತ್ತಿಯ ಬೆಲೆ ಕುಸಿಯಿತು. ಮುಂದೆ 1880ರ ದಶಕದಲ್ಲಿ ಮರ್ಮಗೋವೆಗೆ ರೈಲು ಬಂದ ಮೇಲೆ ಕಾರವಾರದ ಬಂದರಿನ ಆಸೆಯೂ ಬಾಡಿತು. ಮದರಾಸಿನಲ್ಲಿ ಉಳಿದ ಜಿಲ್ಲೆಗಳಿಗೆ 1866ರಲ್ಲಿ ಜಿಲ್ಲಾ ರಸ್ತೆ ಕರದ ಕಾಯಿದೆ ಬಂತು: ಭೂಮಿಯ ಗೇಣಿಯ ರೂಪಾಯಿಗೆ ಅರ್ಧ ಆಣೆ ಮೀರದ ಕರ. ರಸ್ತೆಗೆಂದೇ ಬೇರೆ ಹಣ ಹುಟ್ಟಿತು, ಆದರೆ ಕೊಟ್ಟವನಿಗೆ ಕೇಳುವ ಬಾಯಿ ಬಂದದ್ದು ತಡವಾಗಿ. ಮದರಾಸಿನ ಶಾಸನ ಸಭೆಯಲ್ಲಿ ಆಯವ್ಯಯದ ಬಗ್ಗೆ ಮಾತಾಡುವ ಅವಕಾಶ ದೊರೆತದ್ದು 1892ರ ಕಾಯಿದೆಯಿಂದ, ಹಣಕ್ಕೆ ಮತ ಹಾಕುವ ಹಕ್ಕು 1919ರ ಕಾಯಿದೆಯಿಂದ. ವರ್ಷದ ಕೊನೆಗೆ ರದ್ದಾಗದ ರಸ್ತೆ ನಿಧಿಯೊಂದು ಕೇಂದ್ರದಲ್ಲಿ ಏರ್ಪಟ್ಟದ್ದು 1929ರಲ್ಲಿ, ಜಯಕರ್ ಸಮಿತಿಯ ಸಲಹೆಯಂತೆ, ಪೆಟ್ರೋಲಿನ ಗ್ಯಾಲನ್ನಿಗೆ ಎರಡಾಣೆ ಹೆಚ್ಚಿನ ಸುಂಕ ಹಾಕಿ.

ಎರಡು ಕೆನರಾಗಳೂ ಒಂದೇ ರಾಜ್ಯದಲ್ಲಿ ಮತ್ತೆ ಕೂಡಿದ್ದು 1956ರ ನವೆಂಬರ್ 1ರಂದು, 94 ವರ್ಷಗಳ ಬಳಿಕ. ಆ ದಿನವೇ ಕಾಸರಗೋಡು ಇನ್ನೊಂದು ಕಡೆಗೆ ಹೋಯಿತು.